ಕಿಟಕಿ ತೋರಿಸಿ, ಪರದೆ ಹಾಕುತ್ತೇನೆ

ಗುತ್ತಿಗೆ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಹಳೆಯ ಕಚೇರಿಯ ಅರವತ್ತನಾಲ್ಕು ಕಿಟಕಿಗಳಿಗೆ ನಾನು ಪರದೆ ಹಾಕಿಲ್ಲ ಎಂಬ ನಿಮ್ಮ ನೋಟಿಸು ತಲುಪಿತು. ಆರೋಪ ನಿಜ. ಹಾಕಿಲ್ಲ. ಏಕೆಂದರೆ ಆ ಕಿಟಕಿಗಳಿದ್ದ ಕಟ್ಟಡವನ್ನು ನಾಲ್ಕು ತಿಂಗಳ ಹಿಂದೆ ನೀವೇ ನೆಲಸಮ ಮಾಡಿದ್ದೀರಿ.

ಇದು ಬಹಿರಂಗ ಪತ್ರ, ಓದುಗರಿಗೂ ಗೊತ್ತಾಗಲಿ ಎಂದು ವಿವರ ಹೇಳುತ್ತೇನೆ. ನಾನು ಲಾಂಡ್ರಿ ನಡೆಸುವವಳು. ನಾನು, ನನ್ನ ನಾದಿನಿ, ಐವರು ಕೆಲಸದವರು. ಕಚೇರಿಯ ಪರದೆಗಳನ್ನು ಪ್ರತಿ ತಿಂಗಳು ಇಳಿಸಿ, ತೊಳೆದು, ಇಸ್ತ್ರಿ ಮಾಡಿ, 'ಅದೇ ಕಿಟಕಿಗಳಿಗೆ ಮರಳಿ ತೂಗುಹಾಕತಕ್ಕದ್ದು' ಎಂದು ಮೂರು ವರ್ಷದ ಒಪ್ಪಂದ. ಎರಡು ವರ್ಷ ಒಂದು ಕೊಂಡಿಯೂ ತಪ್ಪದಂತೆ ಹಾಕಿದೆವು. ಆಮೇಲೆ ಅಡಿಪಾಯದಲ್ಲಿ ಬಿರುಕು ಕಾಣಿಸಿತು. ನೀವು ಗಾಜಿನ ಗೋಡೆಯ ಹೊಸ ಕಟ್ಟಡಕ್ಕೆ ಹೋದಿರಿ. ಅಲ್ಲಿ ಪರದೆ ಹಾಕಲು ಒಂದು ಸರಳೂ ಇಲ್ಲ. ಒಗೆಯಲು ತಂದಿದ್ದ ಪರದೆಗಳು ನಮ್ಮ ಅಂಗಡಿಯಲ್ಲೇ ಉಳಿದವು.

ಈಗ ಹದಿನೈದನೇ ತಾರೀಕಿನೊಳಗೆ ಹಾಕದಿದ್ದರೆ ನನ್ನನ್ನು ಕಪ್ಪುಪಟ್ಟಿಗೆ ಸೇರಿಸುತ್ತೀರಂತೆ. ಆ ಪಟ್ಟಿಯಲ್ಲಿರುವವರಿಗೆ ಆಸ್ಪತ್ರೆಯವರು ಬಟ್ಟೆ ಒಗೆಯಲು ಕೊಡುವುದಿಲ್ಲ. ಆಸ್ಪತ್ರೆಯ ಕೆಲಸ ಹೋದರೆ ನಾವು ಏಳೂ ಜನ ಬಾಗಿಲು ಹಾಕಿಕೊಂಡು ಮನೆಗೆ ಹೋಗಬೇಕು.

ನಾನು ನೆಪ ಹುಡುಕುವವಳಲ್ಲ. ಸೋಪಿನ ಬೆಲೆ ಒಂದೂವರೆ ಪಟ್ಟಾದಾಗ ದರ ಸ್ವಲ್ಪ ಏರಿಸಿ ಎಂದು ಕೇಳಿದ್ದೆ. 'ಬೆಲೆ ಏರುವುದು ಅನಿರೀಕ್ಷಿತವಲ್ಲ' ಎಂದು ಉತ್ತರಿಸಿದಿರಿ. ಒಪ್ಪಿದೆ. ಕೊಳವೆಬಾವಿ ಕೈಕೊಟ್ಟಾಗ ಟ್ಯಾಂಕರ್ ನೀರು ತರಿಸಿ ತೊಳೆದೆ. ಕೆಲಸ ಕಷ್ಟವಾಯಿತು, ಲಾಭ ಹೋಯಿತು ಎಂದು ಮಾತಿಗೆ ತಪ್ಪುವಂತಿಲ್ಲ. ಕಾನೂನು ಹೇಳುವುದೂ ಅದನ್ನೇ. ಆದರೆ ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ. ಒಪ್ಪಂದ ಯಾವುದನ್ನು ನಂಬಿ ನಿಂತಿತ್ತೋ ಅದೇ ಇಲ್ಲವಾದರೆ, ಹಾಗಾಗುತ್ತದೆಂದು ಇಬ್ಬರೂ ಊಹಿಸಿರದಿದ್ದರೆ, ಒಪ್ಪಂದ ಅಲ್ಲಿಗೆ ಮುಗಿಯಿತು. ಕಷ್ಟ ಬೇರೆ, ಅಸಾಧ್ಯ ಬೇರೆ. ಕಿಟಕಿ ಎತ್ತರದಲ್ಲಿದ್ದರೆ ಏಣಿ ತರುತ್ತೇನೆ. ಗೋಡೆಯೇ ಇಲ್ಲದಿದ್ದರೆ ಏಣಿಯನ್ನು ಯಾವುದಕ್ಕೆ ಒರಗಿಸಲಿ?

ನಿಮಗೆ ಇದು ತಿಳಿಯದ್ದೇನಲ್ಲ. ಒಪ್ಪಂದದ ಹದಿನಾಲ್ಕನೇ ಷರತ್ತಿನಲ್ಲಿ 'ಅನಿರೀಕ್ಷಿತ ಸಂದರ್ಭ'ಗಳ ಉದ್ದನೆಯ ಪಟ್ಟಿಯಿದೆ. ಅದರ ಅನುಕೂಲ ಮಾತ್ರ ಕಚೇರಿಗೆ ಮೀಸಲು. ನನ್ನ ಅಹವಾಲಿನ ವಿಚಾರಣೆಯನ್ನು ಎರಡು ಸಲ ಮುಂದೂಡಿದ್ದು ಆ ಷರತ್ತಿನ ಅಡಿಯಲ್ಲೇ. ಕಾರಣ, ಹೊಸ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ಲಿಫ್ಟ್ ನಿಂತರೆ ಅನಿರೀಕ್ಷಿತ, ಕಟ್ಟಡವೇ ಹೋದರೆ ಲಾಂಡ್ರಿಯವಳ ನಿರ್ಲಕ್ಷ್ಯವೇ?

ಮೂರನೇ ಸಲ ಮೆಟ್ಟಿಲು ಹತ್ತಿಕೊಂಡೇ ಬಂದೆ. ನಿಮ್ಮ ಗುಮಾಸ್ತರು ಕಡತ ತೆರೆದರು.

"ಅಕ್ಕಾ, ಕೆಡವಿದ್ದು ಕಟ್ಟಡ ವಿಭಾಗದವ್ರು. ನಮಗಿನ್ನೂ ಕಾಗದ ಬಂದಿಲ್ಲ. ನಮ್ಮ ಕಡತದಲ್ಲಿ ಬಿಲ್ಡಿಂಗ್ ಇನ್ನೂ ಇದೆ."

"ನೀವೇ ಅಲ್ಲಿ ಹತ್ತು ವರ್ಷ ಕೂತಿದ್ರಲ್ಲಪ್ಪ! ಕೆಡವಿದ್ದು ನೋಡ್ಲಿಲ್ವಾ?"

"ನೋಡ್ದೆ. ಆದ್ರೆ ನಾನು ನೋಡಿದ್ದೆಲ್ಲ ಕಡತಕ್ಕೆ ಬರಲ್ವಲ್ಲ. ಸುಮ್ನೆ ಒಂದ್ಸಲ ಹಾಕ್ಬಿಡಿ ಅಕ್ಕಾ, ಗಲಾಟೆ ಮುಗಿಯುತ್ತೆ."

ಅಂಗಡಿಗೆ ಬಂದು ಹೇಳಿದರೆ ನಾದಿನಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ನಕ್ಕಳು. "ಏಳಿ ಅತ್ತಿಗೆ, ಆಕಾಶಕ್ಕೆ ಮೊಳೆ ಹೊಡೆದು ಬರೋಣ."

ಹೋದೆವು. ಖಾಲಿ ನಿವೇಶನದ ಬೇಲಿ ಕಂಬಗಳಿಗೆ ಹಗ್ಗ ಬಿಗಿದು, ಅರವತ್ತನಾಲ್ಕನ್ನೂ ಸಾಲಾಗಿ ತೂಗುಹಾಕಿ, ನಿಮ್ಮ ಪರಿಶೀಲನಾ ಅಧಿಕಾರಿಗಳನ್ನು ಕರೆದೆವು. ಅವರು ಒಂದೊಂದನ್ನೂ ಮುಟ್ಟಿ ನೋಡಿ, ಅಲ್ಲೇ ನಿಂತು ವರದಿ ಬರೆದರು: 'ಪರದೆಗಳು ಸ್ವಚ್ಛವಾಗಿವೆ. ಕಿಟಕಿಗಳು ಕಂಡುಬಂದಿಲ್ಲ. ಈ ಬಗ್ಗೆ ಗುತ್ತಿಗೆದಾರರಿಂದ ವಿವರಣೆ ಪಡೆಯಬಹುದು.'

ಇದೇ ಆ ವಿವರಣೆ.

ಮಾನ್ಯರೇ, ನಿಮ್ಮವರೇ ಸಹಿ ಹಾಕಿದ ಆ ವರದಿಯ ಎರಡನೇ ವಾಕ್ಯವೇ ನನಗೆ ಸಾಕು. ಅದನ್ನು ಆಧರಿಸಿ, ಒಪ್ಪಂದ ಕಟ್ಟಡದ ಜೊತೆಗೇ ಮುಗಿದಿದೆ ಎಂದು ಹದಿನಾಲ್ಕರ ಸಂಜೆಯೊಳಗೆ ಬರೆದುಕೊಡಿ, ನೋಟಿಸು ಹಿಂಪಡೆಯಿರಿ. ನಿಮ್ಮ ಪರದೆಗಳನ್ನು ಮಡಿಸಿ ತಂದೊಪ್ಪಿಸುತ್ತೇನೆ. ಅದಾಗದಿದ್ದರೆ ಹದಿನೈದರ ಬೆಳಿಗ್ಗೆ ಹತ್ತು ಗಂಟೆಗೆ ಏಣಿ ಹಿಡಿದು ಆ ನಿವೇಶನದಲ್ಲಿ ನಿಂತಿರುತ್ತೇನೆ. ತಾವು ಖುದ್ದಾಗಿ ಬಂದು ಮೊದಲನೇ ಕಿಟಕಿಯನ್ನು ಮಾತ್ರ ತೋರಿಸಿ. ಉಳಿದ ಅರವತ್ತಮೂರನ್ನು ನಾನೇ ಹುಡುಕಿಕೊಳ್ಳುತ್ತೇನೆ.

ಇಂತಿ,
ಪರದೆಯೂ ಏಣಿಯೂ ಇದ್ದು, ಗೋಡೆ ಮಾತ್ರ ಇಲ್ಲದ
ನಿಮ್ಮ ಲಾಂಡ್ರಿಯವಳು