ಐದನೆಯ ಪೆನಾಲ್ಟಿ

ರೋಟರ್‌ಡ್ಯಾಮ್
ಜುಲೈ 8, ಶನಿವಾರ ಬೆಳಿಗ್ಗೆ

ಹರ್ಮೀನಾ ಅವರಿಗೆ ವೀಬ್ರೆನ್ ಮಾಡುವ ನಮಸ್ಕಾರಗಳು.

ಹೆಸರು ನೋಡಿದ ಕೂಡಲೇ ಇದನ್ನು ಕಸದ ಬುಟ್ಟಿಗೆ ಹಾಕಬೇಡಿ. ನಿನ್ನೆ ಎರಡು ಸಲ ನಿಮ್ಮ ಮನೆಯ ಗಂಟೆ ಒತ್ತಿದೆ. ಎರಡನೆಯ ಸಲ ನೀವು ಬಾಗಿಲ ಹಿಂದೆಯೇ ನಿಂತು, "ಅವ್ನು ಮಲಗಿದಾನೆ, ಹೋಗಿ" ಎಂದಿರಿ. ಮೂರು ದಿನದಿಂದ ನಿಮ್ಮ ಮಗ ಗಿವಾನೊ ಮಲಗಿಯೇ ಇದ್ದಾನೆ, ಊಟ ಮುಟ್ಟಿಲ್ಲ, ಯಾರ ಫೋನೂ ಎತ್ತುತ್ತಿಲ್ಲ ಎಂದು ಕೆಳಗಿನ ಮನೆಯವರು ಹೇಳಿದರು. ನಿಮ್ಮ ಅಂಚೆ ಡಬ್ಬಿ ತುಂಬಿ ಹೊರಗೆ ಚೆಲ್ಲುತ್ತಿತ್ತು. ಅವನ ಹೆಸರಿಗೆ ಬಂದಿದ್ದ ಒಂದು ಕಾಗದ ಬಿಚ್ಚಿ ಓದಿದೆ, ಕ್ಷಮಿಸಿ. ನಿನ್ನಜ್ಜ ಬಂದ ಸುರಿನಾಮ್ ದೇಶಕ್ಕೇ ವಾಪಸ್ ಹಡಗು ಹತ್ತು ಎಂದು ಬರೆದಿತ್ತು. ಅಂಥವು ಅವನ ಕಣ್ಣಿಗೆ ಬೀಳದಿರಲೆಂದು ಕೈಗೆ ಸಿಕ್ಕಿದಷ್ಟನ್ನು ಜೇಬಿಗೆ ತುರುಕಿಕೊಂಡು ಬಂದೆ.

ರಾಷ್ಟ್ರೀಯ ಫುಟ್‌ಬಾಲ್ ತಂಡದ ಕೋಚ್ ಆಗಿ ಇದನ್ನು ಬರೆಯುತ್ತಿಲ್ಲ. ಹನ್ನೊಂದು ವರ್ಷದ ಗಿವಾನೊನನ್ನು ನೀವು ಮೈದಾನಕ್ಕೆ ಕರೆತಂದಾಗ ಚಿಕ್ಕವರಿಗೆ ಆಟ ಕಲಿಸುತ್ತಿದ್ದವನು ನಾನೇ. ಟ್ರ್ಯಾಮ್ ಓಡಿಸುವ ಪಾಳಿ ಮುಗಿಸಿ, ಸಮವಸ್ತ್ರದಲ್ಲೇ ಬಂದು ಬೇಲಿಯ ಪಕ್ಕ ನಿಲ್ಲುತ್ತಿದ್ದಿರಿ. "ಕೋಚ್ ಸಾಹೇಬ್ರೇ, ನನ್ ಮಗ ಎದುರು ಮಾತಾಡಿದ್ರೆ ಹೇಳಿ, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಎನ್ನುತ್ತಿದ್ದಿರಿ. ಹತ್ತು ವರ್ಷದಲ್ಲಿ ಅವನು ಒಮ್ಮೆಯೂ ಎದುರಾಡಲಿಲ್ಲ. ನಮ್ಮ ತಂಡದಲ್ಲಿ ಇದು ಅಪರೂಪ. ಇಲ್ಲಿ ನೀರು ಕುಡಿಯುವುದಕ್ಕೂ ಚರ್ಚೆ ಆಗಬೇಕು. ಇಪ್ಪತ್ತಾರು ಆಟಗಾರರು, ಇಪ್ಪತ್ತಾರು ಕೋಚ್‌ಗಳು.

ಬುಧವಾರದ್ದು ಹೇಳುತ್ತೇನೆ. ಕ್ವಾರ್ಟರ್ ಫೈನಲ್, ಒಂದು-ಒಂದು ಸಮ, ಹೆಚ್ಚುವರಿ ಸಮಯವೂ ಮುಗಿಯಿತು, ಇನ್ನು ಉಳಿದದ್ದು ತಂಡಕ್ಕೆ ಐದೈದು ಪೆನಾಲ್ಟಿ. ಪೆನಾಲ್ಟಿ ಎಂದರೆ ಲಾಟರಿ, ಅದನ್ನು ಅಭ್ಯಾಸ ಮಾಡಿ ಪ್ರಯೋಜನವಿಲ್ಲ ಎಂದು ನಮ್ಮ ಹಿರಿಯ ಆಟಗಾರರು ಹೇಳುತ್ತಲೇ ಬಂದರು, ನಾನೂ ತಲೆಯಾಡಿಸುತ್ತಲೇ ಬಂದೆ. ನಾನು ಹೊಸದಾಗಿ ತಂದದ್ದು ಒಂದೇ ನಿಯಮ. ಎಲ್ಲರೂ ಸುತ್ತುಗಟ್ಟಿ ನಿಲ್ಲಬೇಕು, ಪೆನಾಲ್ಟಿ ಒದೆಯುತ್ತೀಯಾ ಎಂದು ಒಬ್ಬೊಬ್ಬರನ್ನೇ ಕೇಳುತ್ತೇನೆ. ಆಗಲ್ಲ ಎಂದವನನ್ನು ಏಕೆಂದು ಕೇಳುವಂತಿಲ್ಲ, ಎರಡನೆಯ ಸಲವೂ ಕೇಳುವಂತಿಲ್ಲ. ಆ ನಿಯಮದ ಬಗ್ಗೆ ಪತ್ರಿಕೆಗಳಲ್ಲಿ ನನ್ನನ್ನು ಹೊಗಳಿದ್ದರು.

ಆವತ್ತು ನಾಲ್ಕು ಹೆಸರು ಸಿಕ್ಕವು. ಐದನೆಯದು ಸಿಗಲಿಲ್ಲ.

ಪಂದ್ಯ ಸೋತ ಮೇಲೆ ಪತ್ರಕರ್ತರ ಮುಂದೆ, ಗಿವಾನೊ ತಾನೇ ಮುಂದೆ ಬಂದ, ಹುಡುಗನ ಧೈರ್ಯ ಮೆಚ್ಚಬೇಕು ಎಂದೆ. ಎಷ್ಟು ಸೊಗಸಾಗಿ ಹೇಳಿದೆ ನೋಡಿ. ಅದು ಅಪ್ಪಟ ಸುಳ್ಳು. ಅವನು ಹೇಳಿದ್ದು, "ನನ್ ಕೈಲಿ ಆಗಲ್ಲ ಕೋಚ್, ಕಾಲು ನಡುಗ್ತಿದೆ" ಎಂದು. ಸುತ್ತ ನಿಂತಿದ್ದ ಎಲ್ಲರಿಗೂ ಕೇಳಿಸಿತು. ನಾನು ಎರಡನೆಯ ಸಲ ಕೇಳಿದೆ. ಆಗಲೂ ಆಗಲ್ಲ ಎಂದ.

ಇನ್ನೂ ಇಬ್ಬರು ಹಿರಿಯರನ್ನು ಕೇಳುವುದು ಬಾಕಿಯಿತ್ತು. ಕೇಳಲಿಲ್ಲ. ಪೆನಾಲ್ಟಿಯಲ್ಲಿ ಎತ್ತಿದ ಕೈಯಾದ ಬಾಸ್ತಿಯಾನ್‌ನನ್ನು ಹತ್ತು ನಿಮಿಷ ಮೊದಲು ನಾನೇ ಆಟದಿಂದ ಹೊರಗೆ ಕರೆದಿದ್ದೆ. ಬಾಯಿ ತೆರೆದರೆ ಅವರು, "ಅವನನ್ನ ಯಾಕ್ರೀ ತೆಗೆದ್ರಿ? ಈಗ ಅನುಭವಿಸಿ" ಎಂದು ಕ್ಯಾಮೆರಾ ಮುಂದೆಯೇ ನನ್ನ ಮಾನ ಹರಾಜು ಹಾಕುತ್ತಿದ್ದರು. ಎದುರು ಮಾತಾಡದವನು ಒಬ್ಬನೇ ಇದ್ದ. ಅವನನ್ನು ಹಾಗೆ ಬೆಳೆಸಿದವರು ನೀವು, ಬಳಸಿಕೊಂಡವನು ನಾನು.

ಇನ್ನು ಹೇಳಲೇಬೇಕಾದದ್ದು. ಮೂರನೆಯ ಸಲ ಅವನ ಭುಜ ಹಿಡಿದು, "ನಿಮ್ಮಮ್ಮ ಅಲ್ಲೇ ಕೂತಿದಾರೆ ನೋಡೋ. ಅವ್ರ ಕಣ್ಣೆದುರು ಆಗಲ್ಲ ಅಂತೀಯಾ?" ಎಂದೆ. ಅವನು ತಿರುಗಿ ನೋಡಿದ. ನೀವು ನಮ್ಮ ತಂಡದ ಕಿತ್ತಳೆ ಸ್ಕಾರ್ಫ್ ಎತ್ತಿ ಬೀಸಿದಿರಿ. ನಾನು ಏನು ಹೇಳಿದ್ದೆ ಎಂದು ನಿಮಗೆ ಹೇಗೆ ಗೊತ್ತಾಗಬೇಕು? ಅವನು ಚೆಂಡು ಎತ್ತಿಕೊಂಡು ಹೊರಟ. ಚೆಂಡು ಗೋಲಿನ ಅಡ್ಡಪಟ್ಟಿಯ ಮೇಲಿಂದ ಹಾರಿ ಹೋದದ್ದನ್ನು ಇಡೀ ದೇಶ ನೋಡಿದೆ.

ನನ್ನ ಸಹಾಯಕ ಟೇನ್, "ಸುಮ್ನಿರು ಮಾರಾಯ, ಇನ್ನೊಂದ್ ವಾರಕ್ಕೆ ಅರ್ಧ ದೇಶ ಕಾರಿನ ಹಿಂದೆ ಕ್ಯಾರವಾನ್ ಎಳ್ಕೊಂಡು ರಜಕ್ಕೆ ಹೋಗತ್ತೆ, ಯಾರು ನೆನಪಿಟ್ಕೋತಾರೆ?" ಎಂದ. ಸುಮ್ಮನಿದ್ದೆ. ಆದರೆ ಗಿವಾನೊ ಮರೆಯುವುದಿಲ್ಲ. ನನಗೆ ಭಯವಾಗುತ್ತಿದೆ, ಹರ್ಮೀನಾ. ದಮ್ಮಯ್ಯ, ಅವನ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಲು ಬಿಡಬೇಡಿ. ಅವನನ್ನು ಒಂಟಿಯಾಗಿ ಬಿಟ್ಟು ಕೆಲಸಕ್ಕೆ ಹೋಗಬೇಡಿ. ವೈದ್ಯರನ್ನು ಇವತ್ತೇ ಕರೆಸಿ. ಈ ಪತ್ರವನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿ. ಗೋಡೆ ಕಡೆ ತಿರುಗಿ ಮಲಗಿದ್ದರೂ ಸರಿ, ಓದಿ. ಅವನು ಸತ್ಯ ಹೇಳಿದ್ದ, ಸೋತವನು ನಾನು ಎಂಬುದು ಅವನ ಕಿವಿಗೆ ಬೀಳಲಿ.

ನಿಮ್ಮ ಮುಖ ನೋಡುವ ಯೋಗ್ಯತೆ ಕಳೆದುಕೊಂಡ,
ವೀಬ್ರೆನ್ ತೆರ್ ಹಾರ್

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು: ಸೋಮವಾರ ಹನ್ನೊಂದು ಗಂಟೆಗೆ ಪತ್ರಕರ್ತರನ್ನು ಕರೆದಿದ್ದೇನೆ. ಇದನ್ನೆಲ್ಲ ಅಲ್ಲಿ ಹೇಳಬೇಕೆಂದಿದ್ದೇನೆ. ಆದರೆ ಬುಧವಾರವೂ ನಿಜ ಹೇಳಬೇಕೆಂದೇ ಮೈಕಿನ ಮುಂದೆ ಕೂತಿದ್ದೆ. ಅದಕ್ಕೇ ಈ ಪತ್ರದ ಪ್ರತಿ ಹಾಳೆಗೂ ಸಹಿ ಹಾಕಿದ್ದೇನೆ. ಹನ್ನೆರಡು ಹೊಡೆಯುವುದರೊಳಗೆ ನನ್ನ ಬಾಯಿಂದ ನಿಜ ಹೊರಡದಿದ್ದರೆ, ಇದನ್ನು ಯಾವುದಾದರೂ ಪತ್ರಿಕೆಗೆ ಕೊಟ್ಟುಬಿಡಿ. ನಾನು ಬಂದು ಕಾಲು ಹಿಡಿದರೂ ವಾಪಸ್ ಕೊಡಬೇಡಿ.