ಅಮ್ಮನ ಹೆಬ್ಬೆರಳು

ಭಾನುವಾರ, ಮಾರ್ಚ್ ಹನ್ನೊಂದು

ಪ್ರೀತಿಯ ಅಕ್ಕ,

ಕವರಿನ ಮೇಲೆ ನನ್ನ ಅಕ್ಷರ ಕಂಡೊಡನೆ ಪಕ್ಕಕ್ಕಿಡಬೇಡ. ಐದು ತಿಂಗಳ ಹಿಂದೆ ನಿನಗೊಂದು ತಪ್ಪು ಹೇಳಿದ್ದೆ, ಅದನ್ನು ತಿದ್ದಲು ಬರೆಯುತ್ತಿದ್ದೇನೆ.

ನೀನು ವಿಡಿಯೋ ಕಾಲ್ ಮಾಡಿದಾಗಲೆಲ್ಲ ಅಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳಲ್ಲ. ಹುಟ್ಟಿನಿಂದ ಕಿವಿ ಕೇಳದ, ಬೆರಳುಗಳಲ್ಲೇ ಲೋಕವನ್ನೆಲ್ಲ ಆಡಿಕೊಳ್ಳುವ ಹೆಂಗಸು ಕೈಯನ್ನೇ ಎತ್ತುವುದಿಲ್ಲವೆಂದರೆ ಅದು ಮುನಿಸಲ್ಲದೆ ಮತ್ತೇನು ಅಂದುಕೊಂಡೆ. ನೀನು ಅವಳನ್ನು ಕೇಳದೆ ಮದುವೆಯಾದದ್ದಕ್ಕೆ ನಿನ್ನ ಹೆಸರನ್ನೂ ಎತ್ತುತ್ತಿಲ್ಲ ಎಂದು ಹೇಳಿಯೂಬಿಟ್ಟೆ. ನೀನು ಫೋನ್ ಮಾಡುವುದನ್ನೇ ನಿಲ್ಲಿಸಿದೆ. ನನ್ನನ್ನು ಹಾಸ್ಟೆಲಿನ ಇಂಗ್ಲಿಷ್ ಶಾಲೆಗೆ ಹಾಕಿದ್ದರು. ಅಮ್ಮನ ಕೈಭಾಷೆ ನಿನಗೆ ಬಂದಷ್ಟು ನನಗೆ ಎಂದೂ ಬರಲಿಲ್ಲ. ಇದು ನೆಪವೋ ಕಾರಣವೋ, ನನಗೇ ತಿಳಿಯದು.

ಗುರುತುಗಳು ಕಣ್ಣೆದುರೇ ಇದ್ದವು. ಬೆಳಿಗ್ಗೆ ಎದ್ದು ಇಪ್ಪತ್ತು ನಿಮಿಷ ಅವಳು ಒಂದು ಮಾತೂ ಆಡುತ್ತಿರಲಿಲ್ಲ. ಬಿಸಿ ಲೋಟವನ್ನು ಅಂಗೈಗಳ ನಡುವೆ ಒತ್ತಿ ಹಿಡಿದು ಕಿಟಕಿ ನೋಡುತ್ತಿದ್ದಳು. ಮುಚ್ಚಳ ತೆಗೆಯಲಾಗದ ಡಬ್ಬಿಗಳನ್ನು ನನ್ನ ಮುಂದೆ ಕುಕ್ಕುತ್ತಿದ್ದಳು. ಸೋಮಾರಿತನ ಬಂತೆಂದು ನಕ್ಕೆ. ಬೆರಳ ತುದಿಯ ಗೆಣ್ಣುಗಳಲ್ಲಿ ಕಡಲೆಕಾಳಿನಷ್ಟು ಗಂಟುಗಳೆದ್ದಿದ್ದವು. ಮೂವತ್ತೊಂದು ವರ್ಷ ಬೈಂಡಿಂಗ್ ಅಂಗಡಿಯಲ್ಲಿ ಹಾಳೆ ಮಡಚಿದ ಕೈ ಹಾಗೇ ಇರುತ್ತದೆ ಅಂದುಕೊಂಡೆ. ಸಂಜೆ ಪಕ್ಕದ ಮನೆಯವಳ ಮೇಲೆ ಅರ್ಧ ಚಾಡಿ ಹೇಳಿ ಉಳಿದರ್ಧ ನುಂಗುತ್ತಿದ್ದಳು. ವಯಸ್ಸಾಗಿ ಒಳ್ಳೆಯವಳಾಗುತ್ತಿದ್ದಾಳೆ ಎಂದುಕೊಂಡೆನಲ್ಲ, ನನಗೇನು ಹೇಳುವುದು.

ಹೋದ ವಾರ ಅವಳ ಕೈಯಿಂದ ತಟ್ಟೆ ಜಾರಿತು. ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಹೆಬ್ಬೆರಳಿನ ಬುಡ ಒತ್ತಿ ತಿರುಗಿಸಿದಾಗ ಮರಳು ಅರೆದಂತೆ ಕರಕರ ಎಂದಿತು. ನನಗೆ ಕೇಳಿಸಿತು, ಅವಳಿಗೆ ಇಲ್ಲ. ಆಸ್ಟಿಯೋಆರ್ಥ್ರೈಟಿಸ್ ಅಂದರು. ಮೂಳೆಗಳ ನಡುವಿನ ಮೆತ್ತೆ ಸವೆದಿದೆ, ಮತ್ತೆ ಬೆಳೆಯುವುದಿಲ್ಲ. ಬಿಸಿನೀರು, ಮುಲಾಮು, ಹೆಬ್ಬೆರಳಿಗೆ ಪಟ್ಟಿ, ಕೈಗೆ ಆದಷ್ಟು ವಿಶ್ರಾಂತಿ. ಅದನ್ನು ಅಮ್ಮನಿಗೆ ದಾಟಿಸಿದೆ. ಅವಳು ನಕ್ಕಳು.

"ನಾಲಿಗೆ ನೋಯ್ತಿದೆ ಅಂತ ಬಂದೋರಿಗೂ ಮಾತಾಡ್ಬೇಡಿ ಅಂತಾರಾ, ಡಾಕ್ಟರನ್ನ ಕೇಳು."

ನಾನು ಔಷಧಿ ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಪಟ್ಟಿ ಕಟ್ಟಿದರೆ ನೋವು ಕಡಿಮೆ, ಮಾತೂ ಅರ್ಧ. ಬಿಚ್ಚಿದರೆ ಮಾತು ಬರುತ್ತದೆ, ಮುಖ ಕಿವುಚಿಕೊಳ್ಳುತ್ತದೆ. ಕಟ್ಟಿಕೋ ಅನ್ನಲೋ, ಬಿಚ್ಚು ಅನ್ನಲೋ, ದಿನಾ ಅವಳೆದುರು ಪೆದ್ದಿಯಂತೆ ನಿಂತಿರುತ್ತೇನೆ. ನಿನ್ನ ಹೆಸರನ್ನು ಅವಳು ಹೇಗೆ ಹೇಳುತ್ತಾಳೆಂದು ನಿನಗೆ ಗೊತ್ತಲ್ಲ: ಹೆಬ್ಬೆರಳು, ತೋರುಬೆರಳು ಸೇರಿಸಿ ಕೆನ್ನೆ ಚಿವುಟುವುದು. ಎಲ್ಲಕ್ಕಿಂತ ನೋಯುವುದು ಆ ಚಿವುಟುವುದೇ. ಹೆಸರೆತ್ತದಿದ್ದದ್ದು ಅದಕ್ಕೆ ಅಕ್ಕ, ಬೇರೆ ಏನಕ್ಕೂ ಅಲ್ಲ.

ಫೋನ್ ಬೇಡ. ಅಷ್ಟು ಚಿಕ್ಕ ಪರದೆಯಲ್ಲಿ ಅವಳ ಅರೆಮಾತು ನಿನಗೆ ಕಾಣದು, ನನ್ನ ಅನುವಾದವನ್ನಂತೂ ನಂಬುವಂತಿಲ್ಲ. ಕೈ ಇನ್ನೂ ಆಡುತ್ತಿರುವಾಗಲೇ ಬಾ.

ಏನೂ ಮಾಡಲು ತೋಚದ,
ನಿನ್ನ ತಂಗಿ

ಇನ್ನೊಂದು ಮಾತು: ಕವರಿಗೆ ಅಂಟು ಹಚ್ಚುವ ಮೊದಲೇ ಅಮ್ಮ ಇದನ್ನು ಕಸಿದು ಓದಿದಳು. ಪಟ್ಟಿ ಬಿಚ್ಚಿ, ನಡುನಡುವೆ ನಿಲ್ಲಿಸಿ ಹೇಳಿದಳು: "ನೋವೂ ನಿಜ, ಸಿಟ್ಟೂ ನಿಜ. ಬೇಗ ಬರ್ಲಿ ಅಂತ ಬರಿ. ಅವಳನ್ನ ಬೈಯೋಕೆ ನಂಗೆ ಎರಡೂ ಕೈ ಬೇಕು."