ಅಕ್ಕನ ಹಡಗು ದಡ ಬಿಟ್ಟ ದಿನ

ಹಡಗಿನಿಂದ,
ನವೆಂಬರ್ ೧೪, ಶುಕ್ರವಾರ

ನನ್ನ ಅಕ್ಕನಿಗೆ ತಮ್ಮನ ನಮಸ್ಕಾರ.

ನಾಲ್ಕು ತಿಂಗಳಿಂದ ಕಾಗದ ಹಾಕಿಲ್ಲ ಅಂತ ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಬಯ್ಯುವುದಿದ್ದರೆ ಪೂರ್ತಿ ಓದಿ ಬಯ್ಯಿ. ಸುದ್ದಿ ಅಂಥದ್ದು. ನಿನ್ನ ಹಡಗು ಗೆದ್ದಿತು ಕಣೆ.

ಬಿರುಗಾಳಿ ಹೊಡೆದ ಊರಿಗೆ ರಸ್ತೆ ಉಳಿದಿರಲಿಲ್ಲ, ಹಡಗುಕಟ್ಟೆ ಮುರಿದಿತ್ತು. ಮರಳ ದಂಡೆಯ ಮೇಲೆ ಆರುನೂರು ಜನ ಕಾಯುತ್ತಿದ್ದರು. ಉಳಿದ ಹಡಗುಗಳೆಲ್ಲ ದೂರದಲ್ಲೇ ನಿಂತವು. ನೇರ ದಡಕ್ಕೆ ಮೂತಿ ತೂರಿಸುವಂಥವಳು ನಮ್ಮ ಈ ಚಪ್ಪಟೆ ತಳದ ಮುದುಕಿ ಒಬ್ಬಳೇ. ಕ್ಯಾಪ್ಟನ್ ಹೊಸಬ, ನನ್ನ ಮಗನಿಗಿಂತ ನಾಲ್ಕೇ ವರ್ಷ ದೊಡ್ಡವನು. "ಲಂಗರಣ್ಣ, ಇದು ಮೊದಲ ಪರೀಕ್ಷೆಯಲ್ಲೇ ಮರಳಲ್ಲಿ ಹೂತು ಹನ್ನೊಂದು ದಿನ ಕೂತ ಹಡಗಂತೆ. ತಳದ ವಿನ್ಯಾಸವೇ ತಪ್ಪಂತೆ. ದಡ ಹತ್ತಿಸಿದರೆ ವಾಪಸ್ ಬರುತ್ತಾ?" ಅಂದ. ಇಪ್ಪತ್ತಾರು ವರ್ಷದಿಂದ ಇದೇ ರಾಗ. ಅದಕ್ಕೇ ಹೆದರಿ ಇವಳನ್ನು ಲಾರಿ, ಸಿಮೆಂಟು ಹೊರಲು ಬಂದರಿನಿಂದ ಬಂದರಿಗೆ ಓಡಿಸಿದರೇ ಹೊರತು ಇನ್ನೊಮ್ಮೆ ದಡ ಹತ್ತಿಸಲಿಲ್ಲ. ವಿಚಾರಣೆಯಲ್ಲೂ ಅದನ್ನೇ ಬರೆದರು, ಅದೇ ಮಾತಿಗೆ ನೀನು ನಕ್ಷೆಯ ಮೇಜು ಬಿಟ್ಟು ಶಾಲೆಯಲ್ಲಿ ತ್ರಿಕೋನ ಹೇಳಿಕೊಡಲು ಹೋದೆ.

"ಬರುತ್ತೆ ಸಾರ್. ನಮ್ಮಕ್ಕ ಬರೆದ ಹಡಗು" ಅಂದೆ. ಅವನು ಮೂತಿ ದಡದತ್ತ ತಿರುಗಿಸಲು ಹೇಳಿದ.

ನೀನು ಅಂದು ಹೇಳಿಕೊಟ್ಟ ಹಾಗೇ ಮಾಡಿದೆವು. ಮುಂದಿನ ತೊಟ್ಟಿಗಳ ನೀರು ಚೆಲ್ಲಿ ಮೂತಿ ಹಗುರ ಮಾಡಿದೆವು. ನಾನು ಹಿಂಬದಿಯ ಲಂಗರಿನ ಹತ್ತಿರ ನಿಂತೆ. ದಡ ಇನ್ನೂ ಎರಡು ಹಡಗಿನಷ್ಟು ದೂರ ಇರುವಾಗ ಗಂಟೆ ಹೊಡೆಯಿತು, ಹೊಡೆದ ಕ್ಷಣವೇ ಲಂಗರು ಬಿಟ್ಟೆ. ತಳ ಮರಳಿಗೆ ತಾಗಿತು. ಮೂತಿ ಬೀರುವಿನ ಹಾಗೆ ಎರಡು ಬಾಗಿಲಾಗಿ ತೆರೆದು ಇಳಿಜಾರು ಹಲಗೆ ಕೆಳಗಿಳಿಯಿತು. ಜನ ಪಾದ ಒದ್ದೆ ಮಾಡಿಕೊಳ್ಳದೆ ನಡೆದು ಬಂದರು. ಹೊಲಿಗೆ ಯಂತ್ರ ಹೊತ್ತು ಬಂದ ಅಜ್ಜಿಯೊಬ್ಬಳು "ಇದನ್ನೆಲ್ಲಿಡಲಿ, ನಿನ್ನ ತಲೆ ಮೇಲಾ?" ಅಂತ ನನಗೇ ಗದರಿದಳು.

ಹೊರಡುವ ಹೊತ್ತು ಬಂತು. ಲಂಗರಿನ ಹಗ್ಗ ಸುತ್ತುವ ಯಂತ್ರ ತಿರುಗಿಸಿದೆ. ಹಗ್ಗ ಬಿಗಿಯಾಯಿತು, ಲಂಗರು ಕಚ್ಚಿ ಹಿಡಿಯಿತು. ಆರುನೂರು ಜನರನ್ನು ಹೊತ್ತವಳು ಒಂದು ಸಲ ನರಳಿ, ಮೆಲ್ಲಗೆ ಹಿಂದೆ ಸರಿದು ತೇಲಿದಳು. ನಾನು ನಾಚಿಕೆ ಬಿಟ್ಟು ಅತ್ತೆ. ಕ್ಯಾಪ್ಟನ್ ಮೈಕಿನಲ್ಲಿ, "ಈ ಹಡಗು ಬರೆದ ಅಕ್ಕನಿಗೆ ಚಪ್ಪಾಳೆ ಹೊಡೀರಪ್ಪ" ಅಂದ. ಎಲ್ಲರೂ ಹೊಡೆದರು. ನಿನಗೆ ಕೇಳಿಸಬೇಕಿತ್ತು.

ಮುಂದಿನ ತಿಂಗಳು ಇವಳಿಗೂ ನನಗೂ ಒಟ್ಟಿಗೇ ನಿವೃತ್ತಿ. ಭಾವನಿಗೆ ನಮಸ್ಕಾರ ಹೇಳು. ನಿನ್ನ ಮಗಳು, ಅವಳ ಕೂಸು ನೂರು ಕಾಲ ಚೆನ್ನಾಗಿರಲಿ.

ನಿನ್ನ ತಮ್ಮ

ಇನ್ನೊಂದು ಮಾತು: ಇದನ್ನೇ ಮೊದಲು ಬರೆಯಬೇಕಿತ್ತು. ಆ ಮೊದಲ ಪರೀಕ್ಷೆಯ ದಿನ ನೀನು ಮೇಲೆ ಕಂಬಿ ಹಿಡಿದು ನಿಂತಿದ್ದೆ. "ನೋಡ್ರೋ, ನಮ್ಮಕ್ಕ" ಅಂತ ನಾನು ಲಂಗರಿನ ಹತ್ತಿರದಿಂದ ಎಲ್ಲರಿಗೂ ತೋರಿಸಿ ನಿನಗೆ ಕೈಬೀಸುತ್ತಿದ್ದೆ, ನೀನೂ ಬೀಸುತ್ತಿದ್ದೆ. ಗಂಟೆ ಕೇಳಿದರೂ ಕೈ ಇಳಿಸಲಿಲ್ಲ. ಲಂಗರು ತಡವಾಗಿ, ದಡದ ಹತ್ತಿರವೇ ಬಿತ್ತು, ಎಳೆದಾಗ ಕಿತ್ತು ಬಂತು. ತಪ್ಪು ನಿನ್ನ ಗೆರೆಯದಲ್ಲ, ನನ್ನ ಕೈಯದು. ನಿನ್ನೆ ಕ್ಯಾಪ್ಟನ್ ಎದುರು ಹೀಗೇ ಬರೆದು ಸಹಿ ಹಾಕಿದ್ದೇನೆ, ಪ್ರತಿ ಇದರ ಜೊತೆಗಿದೆ. ಅವತ್ತು ಗಂಟೆ ಹೊಡೆದಾಗ ನೀನು ಕೈಬೀಸುವುದು ನಿಲ್ಲಿಸಿ ಲಂಗರಿನತ್ತ ಬೆರಳು ತೋರಿಸಿದೆ. ನೀನು ಎಲ್ಲಾ ನೋಡಿದ್ದೆ. ವಿಚಾರಣೆಯಲ್ಲಿ ಯಾಕೆ ಸುಮ್ಮನಿದ್ದೆ, ಅಕ್ಕಾ?